ಕಂಪನಿ ಮಾಡೋ ಮುಂಚೆ ಲೈಟ್ ಬಿಲ್ ತೆಗೆದು ನೋಡಿ

ಡೊಂಬಿವಲಿ, ಥಾಣೆ ಕಡೆ ಕ್ಯಾಟರಿಂಗು, ಮಸಾಲೆ ಪುಡಿ ಅಂತ ವ್ಯಾಪಾರ ಮಾಡ್ಕೊಂಡಿದ್ದ ನಮ್ಮ ಕನ್ನಡದೋರು ಈಗ ಪ್ರೈವೇಟ್ ಲಿಮಿಟೆಡ್ ಮಾಡ್ಕೋತಿದ್ದಾರೆ, ತುಂಬಾ ಖುಷಿ. ಆದ್ರೆ ಫಾರ್ಮ್ ತುಂಬೋಕೆ ಕೂತ್ಮೇಲೆ ಕಾಗದ ಹುಡುಕ್ತಾರೆ, ಅಲ್ಲೇ ಎಡವೋದು.

ಮೊದ್ಲು ಜನ. ಇಬ್ರು ಡೈರೆಕ್ಟರು, ಇಬ್ರು ಶೇರುದಾರರು ಬೇಕು, ಅದೇ ಇಬ್ರು ಎರಡೂ ಆಗ್ಬೋದು, ಗಂಡ ಹೆಂಡ್ತಿ ಸಾಕು. ಬಂಡವಾಳ ಕನಿಷ್ಠ ಇಷ್ಟಿರ್ಬೇಕು ಅನ್ನೋ ರೂಲು 2015ರಲ್ಲೇ ಹೋಯ್ತು.

ಇನ್ನು ಕಾಗದ, ಇಲ್ಲಿ ಅವಸರ ಬೇಡ. ಪ್ಯಾನು ಆಧಾರು ಎರಡೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಊರಲ್ಲಿ ಮಾಡ್ಸಿದ ಆಧಾರಲ್ಲಿ 'ಗಣೇಶ್ ಕೆ' ಅಂತಿರತ್ತೆ, ಇಲ್ಲಿ ಮಾಡ್ಸಿದ ಪ್ಯಾನಲ್ಲಿ ಮಹಾರಾಷ್ಟ್ರದ ರೂಢಿ ಥರ ಹೆಸ್ರು, ಅಪ್ಪನ ಹೆಸ್ರು, ಅಡ್ಡಹೆಸ್ರು ಮೂರೂ ಇರತ್ತೆ. ಆನ್‌ಲೈನ್ ಫಾರ್ಮಿಗೆ ಬೇಕಾಗೋ ಡಿಜಿಟಲ್ ಸಹಿ ಮಾಡ್ಸೋವಾಗ್ಲೇ ಇದು ತೊಡಕಾಗತ್ತೆ. ಫಾರ್ಮಲ್ಲಿ ನಡೆಯೋದು ಪ್ಯಾನಿನ ಹೆಸ್ರೇ, ಆದ್ರಿಂದ ಆಧಾರನ್ನ ಅದಕ್ಕೆ ಹೊಂದಿಸ್ಕೊಳಿ.

ಆಮೇಲೆ ಕಂಪನಿ ಆಫೀಸಿನ ವಿಳಾಸ. ಲೈಟ್ ಬಿಲ್ ಎರಡು ತಿಂಗ್ಳಿಗಿಂತ ಹಳೇದಿರಬಾರ್ದು, ಜಾಗದ ಓನರ್ 'ನಮ್ಮ ಅಭ್ಯಂತರ ಇಲ್ಲ' ಅನ್ನೋ ಎನ್‌ಓಸಿ ಕೊಡ್ಬೇಕು. ಮುಲುಂಡಲ್ಲಿ ಮನೇಲೇ ಚಟ್ನಿಪುಡಿ ಮಾಡೋ ಪರಿಚಯದ ಅಕ್ಕ ಒಬ್ರು, ಬಿಲ್ಲು ಇನ್ನೂ ತೀರಿಹೋದ ಮಾವನ ಹೆಸ್ರಲ್ಲೇ ಇತ್ತು, ಎನ್‌ಓಸಿಗೆ ಸಹಿ ಹಾಕಿದ್ದು ಗಂಡ, ಅರ್ಜಿ ವಾಪಸ್ ಬಂತು. ಬಿಲ್ಲಿನ ಹೆಸ್ರು ಬದಲಾಗೋಷ್ಟರಲ್ಲಿ ಒಪ್ಪಿಗೆ ಸಿಕ್ಕಿ ಕಾಯ್ದಿಟ್ಟಿದ್ದ ಕಂಪನಿ ಹೆಸರಿನ 20 ದಿನದ ಗಡುವೂ ಮುಗೀತು. ಗಡುವೊಳಗೆ ಫೀ ಕಟ್ಟಿದ್ರೆ ಮುಂದಕ್ಕೆ ಹಾಕ್ಬೋದಿತ್ತು, ಪಾಪ ಅವರಿಗೆ ಯಾರೂ ಹೇಳಿರ್ಲಿಲ್ಲ. ಬಾಡಿಗೆ ಜಾಗ ಆದ್ರೆ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟು ರಿಜಿಸ್ಟರ್ ಆಗಿರ್ಲೇಬೇಕು, 11 ತಿಂಗ್ಳಿಂದು ಅಂತ ಮಹಾರಾಷ್ಟ್ರದಲ್ಲಿ ವಿನಾಯ್ತಿ ಇಲ್ಲ.

ಇಷ್ಟಾದ್ಮೇಲೇ ಕಂಪನಿ ಹೆಸ್ರಿಗೆ ಅರ್ಜಿ ಹಾಕಿ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯ) ಸೈಟಲ್ಲಿ ಸ್ಪೈಸ್ ಪ್ಲಸ್ ಫಾರ್ಮಿನ ಎ ಭಾಗ, 1000 ರೂಪಾಯಿ, ಎರಡು ಹೆಸ್ರು ಕೊಡ್ಬೋದು. ಬೇರೆಯೋರ ಹೆಸ್ರಿಗೆ 'ಮುಂಬೈ' ಅಂಟಿಸಿದ್ರೆ, 'ಫುಡ್'ನ 'ಫುಡ್ಸ್' ಮಾಡಿದ್ರೆ ಹೊಸ ಹೆಸ್ರಾಗಲ್ಲ. ಟ್ರೇಡ್‌ಮಾರ್ಕನ್ನೂ ಹುಡುಕಿ ನೋಡಿ. ದೇವರ ಹೆಸ್ರು ಬೇಡ ಅಂತ್ಲೇ ನಾನು ಹೇಳೋದು, ಎಲ್ರೂ ಅದನ್ನೇ ಇಟ್ಟಿರ್ತಾರೆ, ನಿಮ್ಮ ಊರಿನ ಮನೆತನದ ಹೆಸ್ರಿಡಿ, ಬೇಗ ಸಿಗತ್ತೆ.

ಅದೇ ಫಾರ್ಮಿನ ಬಿ ಭಾಗ, ಅಂದ್ರೆ ಕಂಪನಿ ನೋಂದಣಿ, ಸಿಎ ಕೈಲಿ ಮಾಡ್ಸಿ, ಕಂಪನಿಯ ಪ್ಯಾನು, ಟ್ಯಾನು (ಟಿಡಿಎಸ್ ಕಟ್ಟೋಕೆ ಬೇಕಾಗೋ ನಂಬರು), ಪಿಎಫ್, ಇಎಸ್‌ಐ, ಪ್ರೊಫೆಷನಲ್ ಟ್ಯಾಕ್ಸು, ಬ್ಯಾಂಕ್ ಅಕೌಂಟು ಎಲ್ಲ ಒಟ್ಟಿಗೇ ಆಗತ್ತೆ. ಬಂಡವಾಳ 15 ಲಕ್ಷದವರೆಗೆ ನೋಂದಣಿ ಫೀ ಇಲ್ಲ, ಸ್ಟ್ಯಾಂಪ್ ಡ್ಯೂಟಿ ಮಾತ್ರ ಬೇರೆ.

ಒಂದು ಮಾತು, ಅಗ್ಗದ ಪ್ಯಾಕೇಜಿನ ಏಜೆಂಟ್ರು ಕೆಲವ್ರು ನಿಮ್ಮ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನು, ಪಾಸ್‌ವರ್ಡು ಎರಡೂ ತಮ್ಮ ಹತ್ರಾನೇ ಇಟ್ಕೋತಾರೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಂಗೆ ಅದು, ಕೆಲ್ಸ ಮುಗಿದ ದಿನವೇ ಕೇಳಿ ತಗೊಳಿ.

ಕಂಪನಿ ನೋಂದಣಿ ಆದ 30 ದಿನದೊಳಗೆ ಬೋರ್ಡ್ ಮೀಟಿಂಗ್ ಮಾಡಿ ಆಡಿಟರ್‌ನ ನೇಮಿಸಿ. ಬಾಗಿಲ ಮೇಲಿನ ನಾಮಫಲಕದಲ್ಲಿ ಮರಾಠಿ ಅಕ್ಷರ ಇರ್ಲಿ. ಎಲ್ರೂ ಮರೆಯೋದು ಐಎನ್‌ಸಿ 20ಎ ಫಾರ್ಮು: ಶೇರಿನ ದುಡ್ಡು ಬಂದಿದೆ ಅಂತ ನೋಂದಣಿ ಆದ 180 ದಿನದೊಳಗೆ ಹಾಕ್ಬೇಕು, ಅದಾಗೋವರೆಗೂ ವ್ಯಾಪಾರ ಶುರು ಮಾಡೋ ಹಾಗಿಲ್ಲ, ಸಾಲ ತಗೊಳೋ ಹಾಗಿಲ್ಲ, ತಪ್ಪಿದ್ರೆ ಕಂಪನಿಗೇ 50,000 ದಂಡ. ಶೇರಿನ ದುಡ್ಡನ್ನ ಕ್ಯಾಶಾಗಿ ಕಟ್ಬೇಡಿ, ಇಬ್ರೂ ಅವರವರ ಅಕೌಂಟಿಂದ್ಲೇ ಕಳ್ಸಿ, ಸ್ಟೇಟ್‌ಮೆಂಟಲ್ಲಿ ಇಬ್ರ ಹೆಸ್ರೂ ಬೇರೆ ಬೇರೆ ಕಾಣ್ಲಿ.