ಪೆಟ್ಟಾದಾಗ ಸುಮ್ಮನಿರಬೇಡಿ: ಪರಿಹಾರದ ಕ್ಲೇಮ್ ಬಗ್ಗೆ ಹೊಸಬರಿಗೆ

ಹೊರದೇಶಕ್ಕೆ ಹೊಸದಾಗಿ ಬಂದವರಿಗೆ ಮನೆ, ಶಾಲೆ, ಲೈಸೆನ್ಸ್ ಬಗ್ಗೆ ಹೇಳಿಕೊಡುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಬೇರೆಯವರ ತಪ್ಪಿನಿಂದ ಪೆಟ್ಟಾದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಹಿಂದಿನ ಕಾರು ಬಂದು ಗುದ್ದಬಹುದು. ಅಂಗಡಿಯ ಒದ್ದೆ ನೆಲದಲ್ಲಿ ಅಮ್ಮ ಜಾರಿ ಬೀಳಬಹುದು. ಪಕ್ಕದ ಮನೆಯ ನಾಯಿ ಮಗುವಿಗೆ ಕಚ್ಚಬಹುದು. ಆಗ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು, "ಹೋಗ್ಲಿ ಬಿಡಿ, ದೊಡ್ಡದೇನೂ ಆಗಿಲ್ಲ." ಹಾಗೆ ಬಿಟ್ಟವರು ಆಮೇಲೆ ಆಸ್ಪತ್ರೆ ಬಿಲ್ಲನ್ನು ಕೈಯಿಂದ ಕಟ್ಟಿದ್ದನ್ನು ನಾವು ನೋಡಿದ್ದೇವೆ. ಪರಿಹಾರ ಕೇಳುವುದು ದುರಾಸೆಯಲ್ಲ, ಜಗಳವೂ ಅಲ್ಲ. ಹೆಚ್ಚಿನ ಕ್ಲೇಮ್‌ಗಳು ಕೋರ್ಟ್ ಮೆಟ್ಟಿಲು ಹತ್ತದೆಯೇ ಮುಗಿಯುತ್ತವೆ.

ಮೊದಲ ದಿನ

ಅವತ್ತೇ ಡಾಕ್ಟರಿಗೆ ತೋರಿಸಿ. ಕುತ್ತಿಗೆ, ಬೆನ್ನಿನ ನೋವು ಎಷ್ಟೋ ಸಲ ಮರುದಿನ ಕಾಣಿಸಿಕೊಳ್ಳುತ್ತದೆ. ನಮ್ಮವರು ಎರಡು ವಾರ ಮಾತ್ರೆ ನುಂಗಿ, ತಡೆಯಲಾಗದೆ ಹೋದಾಗ ಆಸ್ಪತ್ರೆಗೆ ಹೋಗುತ್ತಾರೆ. ಅಷ್ಟರಲ್ಲಿ ಇನ್ಶೂರೆನ್ಸ್ ಕಂಪನಿಗೆ ಒಂದು ಪ್ರಶ್ನೆ ಸಿಕ್ಕಿರುತ್ತದೆ: "ಈ ನೋವು ಆ ಅಪಘಾತದಿಂದಲೇ ಬಂತು ಅಂತ ಹೇಗೆ ನಂಬುವುದು?" ಡಾಕ್ಟರ್ ಮುಂದೆ ಸಂಕೋಚ ಬೇಡ. ಎಲ್ಲೆಲ್ಲಿ ನೋವಿದೆಯೋ ಅಷ್ಟನ್ನೂ ಹೇಳಿ. ಮೊಣಕಾಲು ಜಾಸ್ತಿ ನೋಯುತ್ತಿದೆ ಅಂತ ಮಣಿಕಟ್ಟಿನ ವಿಷಯ ಬಿಟ್ಟರೆ, ಅದು ದಾಖಲೆಯಲ್ಲಿ ಇರುವುದೇ ಇಲ್ಲ.

ಕೂಡಿಡಬೇಕಾದವು:
- ಜಾಗದ, ವಾಹನದ, ಗಾಯದ ಫೋಟೋ
- ಎದುರಿನವರ ಹೆಸರು, ಗಾಡಿ ನಂಬರ್, ಇನ್ಶೂರೆನ್ಸ್ ವಿವರ
- ನೋಡಿದವರ ಫೋನ್ ನಂಬರ್
- ಪೊಲೀಸ್ ರಿಪೋರ್ಟ್, ಅಂಗಡಿಯಾದರೆ ಅವರ ಘಟನೆ ವರದಿ
- ಎಲ್ಲ ಬಿಲ್, ಔಷಧಿ ಚೀಟಿ, ರಜೆಯ ದಾಖಲೆ, ಆಸ್ಪತ್ರೆಗೆ ಓಡಾಡಿದ ಖರ್ಚು

ಸಿಸಿಟಿವಿ ಇದ್ದರೆ ದೃಶ್ಯವನ್ನು ಅಳಿಸಬೇಡಿ ಅಂತ ಕೂಡಲೇ ಬರೆದು ಕೇಳಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂರುತ್ತದೆ. ಒಂದು ಚಿಕ್ಕ ಡೈರಿಯನ್ನೂ ಇಡಿ. "ಇವತ್ತು ಮಗುವನ್ನು ಎತ್ತಿಕೊಳ್ಳಲು ಆಗಲಿಲ್ಲ, ಎಡ ಭುಜ ಹಿಡಿದುಕೊಂಡಿತು" ಅಂತ ಆವತ್ತೇ ಬರೆದ ಒಂದು ಸಾಲು, ಆರು ತಿಂಗಳ ನಂತರ ನೆನಪಿನಿಂದ ಹೇಳುವ "ತುಂಬಾ ನೋವಿತ್ತು" ಅನ್ನುವುದಕ್ಕಿಂತ ಎಷ್ಟೋ ಗಟ್ಟಿ.

ಆ ಫೋನ್ ಕರೆ

ಇದನ್ನು ದಯವಿಟ್ಟು ಎರಡು ಸಲ ಓದಿ. ಕೆಲವೇ ದಿನಗಳಲ್ಲಿ ಎದುರಿನವರ ಇನ್ಶೂರೆನ್ಸ್ ಕಂಪನಿಯಿಂದ ಕರೆ ಬರುತ್ತದೆ. ದನಿ ಬಹಳ ಮೃದು. "ಹೇಗಿದ್ದೀರಿ?" ಅಂತ ಕೇಳುತ್ತಾರೆ. ನಾವು ಅಭ್ಯಾಸದಂತೆ "ಚೆನ್ನಾಗಿದ್ದೇನೆ" ಅನ್ನುತ್ತೇವೆ. ಕರೆ ರೆಕಾರ್ಡ್ ಆಗುತ್ತಿದ್ದರೆ ಆ ಮಾತು ಫೈಲಿಗೆ ಹೋಗುತ್ತದೆ. "ಸ್ಪೀಡ್ ಎಷ್ಟಿತ್ತು?" ಅಂದಾಗ ಅಂದಾಜಿನಲ್ಲಿ ಒಂದು ಅಂಕಿ ಹೇಳುತ್ತೇವೆ. ಅದೂ ಹೋಗುತ್ತದೆ. ಮಾತಾಡುವವರು ಒಳ್ಳೆಯವರೇ ಇರಬಹುದು, ಆದರೆ ಅವರ ಕೆಲಸ ಕಂಪನಿಯ ದುಡ್ಡು ಉಳಿಸುವುದು. ಹೆಸರು, ವಿಳಾಸ, ಅಪಘಾತದ ದಿನ, ಜಾಗ ಇಷ್ಟು ಸಾಕು. ಉಳಿದದ್ದಕ್ಕೆ "ಲಾಯರ್ ಹತ್ತಿರ ಮಾತಾಡಿ ಹೇಳುತ್ತೇನೆ" ಅನ್ನಿ. ನಿಮ್ಮದೇ ಇನ್ಶೂರೆನ್ಸ್ ಕಂಪನಿಯ ವಿಷಯ ಬೇರೆ. ಅವರಿಗೆ ಬೇಗ ತಿಳಿಸಬೇಕು, ಸಹಕರಿಸಲೂ ಬೇಕು, ಪಾಲಿಸಿಯಲ್ಲೇ ಆ ಷರತ್ತು ಇರುತ್ತದೆ.

ಆಮೇಲೆ ಚೆಕ್ ಬರುತ್ತದೆ, ಜೊತೆಗೊಂದು ಕಾಗದ. ಸಹಿ ಹಾಕಿದರೆ ಸಾಮಾನ್ಯವಾಗಿ ಕ್ಲೇಮ್ ಅಲ್ಲಿಗೆ ಮುಗಿಯಿತು. ಮುಂದೆ ಆಪರೇಷನ್ ಬೇಕಾದರೂ ಮತ್ತೆ ಕೇಳುವಂತಿಲ್ಲ. ಚಿಕಿತ್ಸೆ ಒಂದು ಹಂತಕ್ಕೆ ಬಂದು, ಮುಂದೇನು ಅಂತ ಡಾಕ್ಟರ್ ಹೇಳುವವರೆಗೆ ಯಾವುದಕ್ಕೂ ಸಹಿ ಬೇಡ. ಇಂಜಿನಿಯರ್‌ಗಳು, ಡಾಕ್ಟರೇಟ್ ಮಾಡಿದವರು ತುಂಬಿರುವ ಸಂಘ ನಮ್ಮದು. ಅಂಥವರೇ ಓದದೆ ಸಹಿ ಹಾಕಿದ್ದಾರೆ ಅಂದರೆ ಬೇಜಾರಾಗುತ್ತದೆ.

ಗೆಳೆಯರ ಕಾರಿನಲ್ಲಿದ್ದಾಗ

ತಪ್ಪು ಗಾಡಿ ಓಡಿಸುತ್ತಿದ್ದ ಗೆಳೆಯನದೇ ಆದರೆ ನಮ್ಮವರು ತುಟಿ ಬಿಚ್ಚುವುದಿಲ್ಲ. "ಅವನ ಮೇಲೆ ಕೇಸ್ ಹಾಕೋದಾ?" ಅಂತ ಮುಜುಗರ. ಸಾಮಾನ್ಯವಾಗಿ ಹಣ ಕೊಡುವುದು ಅವನ ಇನ್ಶೂರೆನ್ಸ್ ಕಂಪನಿ. ಇಂಥ ದಿನಕ್ಕೇ ಅಲ್ವಾ ಅವನು ಪ್ರೀಮಿಯಂ ಕಟ್ಟಿದ್ದು? ಇಬ್ಬರೂ ಕೂತು ಬಿಚ್ಚು ಮನಸ್ಸಿನಿಂದ ಮಾತಾಡಿ. ಮುಚ್ಚಿಟ್ಟರೆ ಸ್ನೇಹವೂ ಹುಳಿಯಾಗುತ್ತದೆ.

ಗಡುವು

ಕೋರ್ಟಿನಲ್ಲಿ ಕೇಸ್ ಹಾಕಲು ಇರುವ ಗಡುವು ದಾಟಿದರೆ ಎಷ್ಟೇ ನ್ಯಾಯವಿದ್ದರೂ ಬಾಗಿಲು ಮುಚ್ಚಿದಂತೆಯೇ. ಒಂದೊಂದು ಕಡೆ ಒಂದೊಂದು ಲೆಕ್ಕ. ಇಂಗ್ಲೆಂಡ್‌ನಲ್ಲಿ ಸಾಮಾನ್ಯವಾಗಿ 3 ವರ್ಷ, ಕ್ಯಾಲಿಫೋರ್ನಿಯಾ ಮತ್ತು ಒಂಟಾರಿಯೊದಲ್ಲಿ 2 ವರ್ಷ, ಟೆನೆಸ್ಸಿಯಲ್ಲಿ 1 ವರ್ಷ ಮಾತ್ರ. ಸರ್ಕಾರಿ ಬಸ್, ನಗರಸಭೆಯ ಫುಟ್‌ಪಾತ್ ಅಂದರೆ ಇನ್ನೂ ಕಡಿಮೆ ಇರಬಹುದು: ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳೊಳಗೆ ಅರ್ಜಿ ಕೊಡಬೇಕು, ನ್ಯೂಯಾರ್ಕ್ ನಗರದ ಮೇಲಾದರೆ 90 ದಿನದೊಳಗೆ ನೋಟಿಸ್. ನ್ಯೂಜಿಲೆಂಡ್‌ನಲ್ಲಿ ವ್ಯವಸ್ಥೆಯೇ ಬೇರೆ. ಅಲ್ಲಿ ತಪ್ಪು ಯಾರದು ಅಂತ ಕೇಳದೆ ಎಸಿಸಿ ಎಂಬ ಸರ್ಕಾರಿ ಸಂಸ್ಥೆ ಚಿಕಿತ್ಸೆಗೆ ನೆರವು ಕೊಡುತ್ತದೆ. ಗಾಯಕ್ಕಾಗಿ ಪರಿಹಾರದ ಕೇಸ್ ಹಾಕುವ ದಾರಿ ಬಹುಪಾಲು ಇಲ್ಲ. ಹಳೆಯ ಊರಿನ ನಿಯಮ ಹೊಸ ಊರಿಗೂ ಸರಿ ಅಂತ ಸುಮ್ನೆ ನಂಬಬೇಡಿ.

ಲಾಯರ್ ಫೀ

ಗೆದ್ದರೆ ಮಾತ್ರ ಫೀ ಅನ್ನುವ ಪದ್ಧತಿ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ ಬಂದ ಹಣದ ಮೂರನೇ ಒಂದು ಭಾಗ ವಾಡಿಕೆ. ವಿಚಾರಣೆಗೆ ಹೋದರೆ ಶೇ. 40ರವರೆಗೂ ಕೇಳುತ್ತಾರೆ. ಮೊದಲ ಭೇಟಿಗೆ ಎಷ್ಟೋ ಕಡೆ ದುಡ್ಡಿಲ್ಲ. ಈ ಮೂರನ್ನು ಬರಹದಲ್ಲಿ ಪಡೆಯಿರಿ: ಶೇಕಡಾ ಎಷ್ಟು, ಕೋರ್ಟ್ ಮತ್ತು ದಾಖಲೆಗಳ ಖರ್ಚು ಯಾರದು, ಸೋತರೆ ನಾನು ಏನಾದರೂ ಕೊಡಬೇಕಾ. ನಿಮ್ಮ ಹೆಲ್ತ್ ಇನ್ಶೂರೆನ್ಸ್ ತಾನು ಕಟ್ಟಿದ ಬಿಲ್ಲಿನ ಹಣವನ್ನು ಪರಿಹಾರದಲ್ಲಿ ವಾಪಸ್ ಕೇಳಬಹುದು. ಅದನ್ನೂ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ವಿಚಾರಿಸಿ.

ಇನ್ನು ಸಣ್ಣಪುಟ್ಟವು

ಕೆಲಸದಲ್ಲಿ ಪೆಟ್ಟಾದರೆ ದಾರಿ ಬೇರೆ. ಮ್ಯಾನೇಜರಿಗೆ ಅವತ್ತೇ ಬರೆದು ತಿಳಿಸಿ.

ಕ್ಲೇಮ್ ನಡೆಯುವಾಗ ಹಬ್ಬದಲ್ಲಿ ಕುಣಿದ ಫೋಟೋ ಫೇಸ್‌ಬುಕ್‌ಗೆ ಹಾಕಬೇಡಿ. ಹಾಕಿದ್ದನ್ನು ಅಳಿಸುವ ಮೊದಲೂ ಲಾಯರನ್ನು ಕೇಳಿ.

ನೋವನ್ನು ಹೆಚ್ಚು ಮಾಡಿ ಹೇಳಬೇಡಿ. ಹಳೆಯ ಬೆನ್ನು ನೋವಿದ್ದರೆ ಮುಚ್ಚಿಡಬೇಡಿ.

ಭಾಷೆಯ ತೊಡಕಿದ್ದರೆ, ಮುಖ್ಯವಾಗಿ ತಂದೆ ತಾಯಿಯರಿಗೆ, ಮೊದಲ ಭೇಟಿಗೆ ಸಂಘದ ಸ್ವಯಂಸೇವಕರು ಜೊತೆಗೆ ಬರುತ್ತಾರೆ. ಹೇಳಿಕೆ ಕೊಡುವ ದಿನ ಮಾತ್ರ ವೃತ್ತಿಪರ ದುಭಾಷಿಯನ್ನೇ ಕೇಳಿ, ಮನೆಯ ಮಕ್ಕಳನ್ನು ಆ ಕುರ್ಚಿಯಲ್ಲಿ ಕೂರಿಸಬೇಡಿ.