ನುಡಿಸಲು ಬರುವಂಥ ಹಚ್ಚೆ

ಪಿಟೀಲಿಗೆಂದು ನಾನೇ ಬರೆದುಕೊಂಡಿದ್ದ ಪುಟ್ಟ ಸ್ವರಪಂಕ್ತಿಯೊಂದನ್ನು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಕೆಂದು ನಿರ್ಧರಿಸಿದಾಗ ನನಗಿದ್ದ ಷರತ್ತು ಒಂದೇ: ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಷನ್ ಬಲ್ಲ ಯಾರೇ ಆಗಲಿ ಅದನ್ನು ನೋಡಿ ನುಡಿಸುವಂತಿರಬೇಕು. ಸ್ವರಲಿಪಿಯ ಎಷ್ಟೋ ಹಚ್ಚೆಗಳಲ್ಲಿ ಗೆರೆಗಳ ಸಂಖ್ಯೆಯೇ ತಪ್ಪಿರುತ್ತದೆ, ಇಲ್ಲವೇ ಬಾರ್‌ನೊಳಗಿನ (ಎರಡು ಅಡ್ಡಗಡಿಗಳ ನಡುವಿನ ಒಂದು ಖಂಡದೊಳಗಿನ) ತಾಳದ ಎಣಿಕೆ ತಾಳೆಯಾಗುವುದಿಲ್ಲ.

ಹಚ್ಚೆ ಹಾಕುವವರಿಗೆ ಸಂಗೀತದ ಲಿಪಿಯೂ ತಿಳಿದಿರಬೇಕೆಂದು ಬಯಸುವುದು ನ್ಯಾಯವಲ್ಲ. ಆದ್ದರಿಂದ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಸ್ವರಗಳನ್ನು ಜೋಡಿಸಿ, ಮುದ್ರಿಸಿ, ಬದಲಾಯಿಸಲೇಬಾರದ ಕಡೆಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ಒಯ್ದೆ. ಸಾಲಿನ ಆರಂಭದಲ್ಲಿ ಬರುವ ಟ್ರೆಬಲ್ ಕ್ಲೆಫ್ ಚಿಹ್ನೆಯ ಸುರುಳಿ ಕೆಳಗಿನಿಂದ ಎರಡನೆಯ ಗೆರೆಯನ್ನೇ ಸುತ್ತಬೇಕು, ಏಕೆಂದರೆ ಜಿ ಸ್ವರದ ಸ್ಥಾನ ಅದೇ ಗೆರೆಯೆಂದು ಸೂಚಿಸುವುದೇ ಆ ಚಿಹ್ನೆಯ ಕೆಲಸ. ಜಿ ಮೇಜರ್ ಎಂಬ ಸ್ವರಶ್ರೇಣಿಯ ಒಂಟಿ ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಚಿಹ್ನೆ) ಎಲ್ಲಕ್ಕಿಂತ ಮೇಲಿನ ಗೆರೆಯಲ್ಲಿ ಕೂರಬೇಕು. ನಡುಗೆರೆಗಿಂತ ಕೆಳಗಿನ ಸ್ವರಗಳ ಕಡ್ಡಿ ಬಲಬದಿಯಿಂದ ಮೇಲಕ್ಕೂ, ಅದಕ್ಕಿಂತ ಮೇಲಿನವುಗಳ ಕಡ್ಡಿ ಎಡಬದಿಯಿಂದ ಕೆಳಕ್ಕೂ ಸಾಗಬೇಕು.

ಅಚ್ಚಿನ ಪುಟದ ಅಳತೆ ಚರ್ಮಕ್ಕೆ ಒಗ್ಗುವುದಿಲ್ಲ. ಪುಸ್ತಕದಲ್ಲಿ ಐದೂ ಗೆರೆಗಳು ಸುಮಾರು 7 ಮಿಲಿಮೀಟರ್ ಎತ್ತರದೊಳಗೆ ಅಡಕವಾಗಿರುತ್ತವೆ. ಹಚ್ಚೆಯ ಶಾಯಿಯಾದರೋ ಹೊರಚರ್ಮದ ಕೆಳಗಿನ ಪದರದಲ್ಲಿ ನೆಲೆಸಿ, ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಅಕ್ಕಪಕ್ಕಕ್ಕೆ ಹರಡುವುದರಿಂದ, ಅಷ್ಟು ಒತ್ತಾಗಿ ಎಳೆದ ಗೆರೆಗಳು ಕಾಲಕ್ರಮದಲ್ಲಿ ಒಂದೇ ಮಸುಕು ಪಟ್ಟಿಯಂತೆ ಕಾಣತೊಡಗುತ್ತವೆ. ಗೆರೆಗಳ ನಡುವೆ 5 ಮಿಲಿಮೀಟರ್ ಬಿಡಿಸಿದೆ. ಮೊದಲು ಮುಚ್ಚಿಹೋಗುವ ಭಯವಿರುವುದು ಮಿನಿಮ್ ಎಂಬ ಸ್ವರಚಿಹ್ನೆಯ ಪೊಳ್ಳು ತಲೆ ಮತ್ತು ಶಾರ್ಪ್‌ನ ನಡುವಿನ ಪುಟ್ಟ ಚೌಕಕ್ಕೆ. ಅವೆರಡನ್ನೂ ಇನ್ನಷ್ಟು ಅಗಲಗೊಳಿಸಿದೆವು. ಹೀಗೆ ಹಿಗ್ಗಿಸಿದ ಮೇಲೆ ಜಾಗ ಸಿಕ್ಕಿದ್ದು ಎರಡೇ ಬಾರ್‌ಗಳಿಗೆ. ಉಳಿದದ್ದನ್ನು ಕೈಬಿಟ್ಟೆ.

ಅತಿ ಹೆಚ್ಚು ಹೊತ್ತು ಹಿಡಿದದ್ದು ಚಿತ್ರದ ಗುರುತನ್ನು ಚರ್ಮಕ್ಕೆ ಇಳಿಸುವ ಸ್ಟೆನ್ಸಿಲ್ ಅಂಟಿಸುವ ಕೆಲಸ. ಅಂಗೈ ಮೇಲ್ಮುಖವಾಗಿದ್ದಾಗ ನೇರವಾಗಿ ಕಂಡ ಐದು ಗೆರೆಗಳು ಅಂಗೈ ಕೆಳಗಾದೊಡನೆ ಓರೆಯಾಗಿ ಸುತ್ತಿಕೊಳ್ಳುತ್ತಿದ್ದವು, ಏಕೆಂದರೆ ಮುಂಗೈಯ ಮೂಳೆಗಳು ತಿರುಗಿದಂತೆ ಮಣಿಕಟ್ಟಿನ ಬಳಿಯ ಚರ್ಮವೂ ಜೊತೆಗೆ ತಿರುಗುತ್ತದೆ. ಎಲ್ಲ ಭಂಗಿಗಳಲ್ಲೂ ನೇರವಾಗಿರುವ ಗೆರೆ ಅಲ್ಲಿ ಸಾಧ್ಯವೇ ಇಲ್ಲವಾದ್ದರಿಂದ ಯಾವುದಾದರೂ ಒಂದು ಭಂಗಿಯನ್ನು ಆರಿಸಿಕೊಳ್ಳಬೇಕಾಗುತ್ತದೆ. ಪಿಟೀಲು ಹಿಡಿದಂತೆ ಎಡಗೈಯನ್ನು ಎತ್ತಿ ನಿಂತು, ಆ ಭಂಗಿಯಲ್ಲೇ ಸ್ಟೆನ್ಸಿಲ್ ಅಂಟಿಸಿಕೊಂಡೆ. ಒರೆಸಿ ಮತ್ತೆ ಅಂಟಿಸಿದಾಗಲೂ ಕಲಾವಿದರು ಬೇಸರಿಸಲಿಲ್ಲ. ಎದುರಿನವರಿಗೆ ಸರಿಯಾಗಿ ಕಾಣುವಂತೆ ಹಾಕಿಸಿಕೊಳ್ಳುವುದು ವಾಡಿಕೆ, ಆದರೆ ಓದಬೇಕಾದವಳು ನಾನೇ ಆಗಿದ್ದರಿಂದ ಅದನ್ನು ಪಾಲಿಸಲಿಲ್ಲ.

ಸೂಜಿಯ ನೋವಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅವರು ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು ಮೊದಲು ಐದೂ ಗೆರೆಗಳನ್ನು ಮುಗಿಸಿದರು, ಸ್ವರಗಳನ್ನು ಆಮೇಲೆ ಕೂರಿಸಿದರು. ಹಕ್ಕಳೆ ಉದುರಿ ಚರ್ಮ ಮಾಗಿದ ಮೇಲೆ ನೋಡಿದರೆ ಮಣಿಕಟ್ಟಿನ ಹತ್ತಿರ ಕೆಳಗಿನ ಗೆರೆ ತುಸು ಪೇಲವವಾಗಿತ್ತು. ಅಷ್ಟು ಭಾಗಕ್ಕೆ ಮತ್ತೊಮ್ಮೆ ಶಾಯಿ ಕೂರಿಸಿಕೊಟ್ಟರು. ಬಿಸಿಲಿಗೆ ಬಣ್ಣ ಮಾಸುವುದರಿಂದ ಹೊರಗೆ ಹೋಗುವಾಗ ಈಗ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತೇನೆ, ಇಲ್ಲವೇ ತುಂಬುತೋಳಿನ ಉಡುಪು ಧರಿಸುತ್ತೇನೆ.