ಎಲೆಕ್ಟ್ರಿಕಲ್ ಪದವಿಯೊಳಗೇ ಕಂಪ್ಯೂಟರ್ ಎಂಜಿನಿಯರಿಂಗ್: ನನ್ನ ಅನುಭವ

ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ ಸೇರಿ, ಐಚ್ಛಿಕ ವಿಷಯಗಳ ಜಾಗವನ್ನೆಲ್ಲ ಕಂಪ್ಯೂಟರ್ ಎಂಜಿನಿಯರಿಂಗ್‌ನ ತಿರುಳಿನಿಂದ ತುಂಬಿ, ಎಂಟೇ ಸೆಮಿಸ್ಟರ್‌ಗಳಲ್ಲಿ ಮುಗಿಸುತ್ತೇನೆ ಎಂದಾಗ ನಂಬಿದವರು ಯಾರೂ ಇರಲಿಲ್ಲ. ಎರಡು ದೋಣಿಗಳಲ್ಲಿ ಕಾಲಿಡಬೇಡ ಎಂದರು ಹಿರಿಯ ವಿದ್ಯಾರ್ಥಿಗಳು. ಇನ್ನೊಂದು ವರ್ಷದ ಶುಲ್ಕ ಹೊಂದಿಸಿಕೊಂಡು, ಎರಡು ಪದವಿಗಳನ್ನು ಒಟ್ಟಿಗೆ ಕೊಡುವ ಡ್ಯುಯಲ್ ಡಿಗ್ರಿಗೆ ಹೋಗಿ, ಇಲ್ಲವಾದರೆ ಎರಡರಲ್ಲಿ ಒಂದನ್ನು ಬಿಡಿ ಎಂದರು ಸಲಹೆಗಾರ ಪ್ರಾಧ್ಯಾಪಕರು. ನಾನು ಎರಡನ್ನೂ ಮಾಡಲಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ನನ್ನ ಮೋಟಾರ್ ನಿಯಂತ್ರಕ ಪರೀಕ್ಷಕರ ಮುಂದೆ ನಿಂತಲ್ಲಿಂದ ಪೂರ್ಣ ವೇಗಕ್ಕೆ ಅದುರದೆ ಏರಿತು. ಆ ಹೊತ್ತಿಗಾಗಲೇ ಎರಡು ಉದ್ಯೋಗಗಳ ಕರೆ ಬಂದಿತ್ತು: ಒಂದು ಚಿಪ್ ವಿನ್ಯಾಸದ ಕಡೆಯಿಂದ, ಇನ್ನೊಂದು ಮೋಟಾರ್ ಡ್ರೈವ್‌ಗಳ ಒಳಗೆ ಓಡುವ ಕೋಡ್, ಅಂದರೆ ಫರ್ಮ್‌ವೇರ್ ಕಡೆಯಿಂದ.

ಆಯ್ಕೆಗಳ ಪಟ್ಟಿ ನಿಮಗೆ ಗೊತ್ತೇ ಇದೆ: ಶುದ್ಧ ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನ, ಎರಡನ್ನೂ ಬೆಸೆದ ಪದವಿ, ಒಂದರ ಮೇಲೆ ಇನ್ನೊಂದರ ಕೆಲವೇ ವಿಷಯಗಳನ್ನು ಓದುವ ಮೈನರ್, ಮತ್ತು ಡ್ಯುಯಲ್ ಡಿಗ್ರಿ. ಬೆಸೆದ ಪದವಿ ನನ್ನ ಸಂಸ್ಥೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಈ ಬರಹದ ಅಗತ್ಯವೇ ಬರುತ್ತಿರಲಿಲ್ಲ. ಉಳಿದವುಗಳಲ್ಲಿ ಎಲೆಕ್ಟ್ರಿಕಲ್ ಅನ್ನು ಆರಿಸಲು ಮೊದಲ ಕಾರಣ ಮಾನ್ಯತೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವುದಕ್ಕೆ ಆಧಾರ 1989ರ ವಾಷಿಂಗ್ಟನ್ ಒಪ್ಪಂದ. ಕಂಪ್ಯೂಟಿಂಗ್ ಪದವಿಗಳಿಗೆ ಇರುವುದು ಬೇರೆಯೇ ಆದ ಸೋಲ್ ಒಪ್ಪಂದ, 2008ರದ್ದು. ವಿದ್ಯುತ್ ವ್ಯವಸ್ಥೆಯ ನಕ್ಷೆಗೆ ಮುಂದೊಂದು ದಿನ ಪರವಾನಗಿ ಪಡೆದ ಎಂಜಿನಿಯರಾಗಿ ಸಹಿ ಹಾಕುವ ಆಸೆ ಇರುವವರು ಮೊದಲನೆಯದರ ಕೆಳಗೆ ಬರುವ ಪದವಿಯನ್ನೇ ಹಿಡಿಯಬೇಕು. ನಮ್ಮ ತರಗತಿಯಲ್ಲಿ ಬಹಳ ಮಂದಿಗೆ ಈ ವ್ಯತ್ಯಾಸ ಕೊನೆಯ ವರ್ಷದವರೆಗೂ ತಿಳಿದಿರಲಿಲ್ಲ.

ಎರಡನೆಯ ಕಾರಣ ಹಣ. ಆಪರೇಟಿಂಗ್ ಸಿಸ್ಟಮ್, ಕಂಪೈಲರ್, ದತ್ತಾಂಶ ರಚನೆ, ಇವನ್ನೆಲ್ಲ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ರಾತ್ರಿ ಕುಳಿತು ಕಲಿಯಬಹುದು. ಆದರೆ ನಾಲ್ಕು ಚಾನೆಲ್‌ಗಳ ಒಳ್ಳೆಯ ಆಸಿಲೋಸ್ಕೋಪ್, ಕರೆಂಟ್ ಪ್ರೋಬ್, ಹೊರೆ ಹಾಕಬಲ್ಲ ಮೋಟಾರ್ ಪರೀಕ್ಷಾ ಪೀಠ, ಸ್ಪೆಕ್ಟ್ರಮ್ ಅನಲೈಸರ್? ಇವುಗಳ ಒಟ್ಟು ಬೆಲೆ ನನ್ನ ನಾಲ್ಕು ವರ್ಷಗಳ ಶುಲ್ಕವನ್ನು ಸುಲಭವಾಗಿ ಮೀರುತ್ತದೆ. ಹಾಗಾಗಿ ಶುಲ್ಕ ಕೊಟ್ಟು ಪ್ರಯೋಗಾಲಯದ ಬಾಗಿಲು ತೆರೆಸಿಕೊಳ್ಳುವುದು, ಒಂಟಿಯಾಗಿ ಕಲಿಯಬಹುದಾದುದಕ್ಕೆ ಆದಷ್ಟು ಕಡಿಮೆ ಕ್ರೆಡಿಟ್ ಖರ್ಚು ಮಾಡುವುದು, ಇದೇ ನನ್ನ ಲೆಕ್ಕಾಚಾರ. ಇವತ್ತಿಗೂ ಅದರ ಪರವಾಗಿ ವಾದಿಸಲು ಸಿದ್ಧನಿದ್ದೇನೆ.

ಇನ್ನು ವಿಧಾನ. ಎಲ್ಲರೂ ಮೊದಲ ಸೆಮಿಸ್ಟರ್‌ನಿಂದ ಮುಂದಕ್ಕೆ ಯೋಜಿಸುತ್ತಾರೆ. ನಾನು ಕೊನೆಯ ವರ್ಷದ ಪ್ರಾಜೆಕ್ಟನ್ನು ಮೊದಲು ನಿರ್ಧರಿಸಿ ಅಲ್ಲಿಂದ ಹಿಂದಕ್ಕೆ ಬಂದೆ. ಮೂರು ಫೇಸ್‌ನ ಮೋಟಾರನ್ನು ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್‌ನಿಂದ, ಅಂದರೆ ಕರೆಂಟನ್ನು ಮೋಟಾರಿನ ಕಾಂತಕ್ಷೇತ್ರದ ದಿಕ್ಕಿಗೆ ತಕ್ಕಂತೆ ನಿಯಂತ್ರಿಸುವ ವಿಧಾನದಿಂದ ಓಡಿಸಬೇಕು, ಕೋಡಿನ ಪ್ರತಿಯೊಂದು ಸಾಲೂ ನನ್ನದೇ ಆಗಿರಬೇಕು. ಅದಕ್ಕೆ ಏನೇನು ಬೇಕು, ಅವಕ್ಕೆ ಮೊದಲು ಏನನ್ನು ಮುಗಿಸಿರಬೇಕು ಎಂದು ದೊಡ್ಡ ಹಾಳೆಯೊಂದರಲ್ಲಿ ಬಾಣಗಳನ್ನು ಎಳೆದೆ. ಎಲೆಕ್ಟ್ರಿಕಲ್ ಕಡೆಯ ಸರಪಳಿ ಉದ್ದವಾದದ್ದು: ಕಲನಶಾಸ್ತ್ರ, ಡಿಫರೆನ್ಷಿಯಲ್ ಸಮೀಕರಣ, ಸರ್ಕ್ಯೂಟ್, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಕಂಟ್ರೋಲ್, ಅದರ ಮೇಲೆ ಪವರ್ ಎಲೆಕ್ಟ್ರಾನಿಕ್ಸ್. ಆರು ಸೆಮಿಸ್ಟರ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಒಂದು ಜಾರಿದರೆ ಪದವಿಯೇ ಜಾರುತ್ತದೆ. ಕಂಪ್ಯೂಟರ್ ಕಡೆಯದು ಗಿಡ್ಡ: ಪ್ರೋಗ್ರಾಮಿಂಗ್, ದತ್ತಾಂಶ ರಚನೆ, ಕಂಪ್ಯೂಟರ್ ಆರ್ಗನೈಸೇಷನ್, ಆಪರೇಟಿಂಗ್ ಸಿಸ್ಟಮ್. ಅದನ್ನು ಹಿಂದೆ ಮುಂದೆ ಸರಿಸಬಹುದು.

ಇಲ್ಲಿಯೇ ನಾನು ವಾಡಿಕೆಯ ಸಲಹೆಗೆ ವಿರುದ್ಧ ಹೋದದ್ದು. ಇಂಟರ್ನ್‌ಷಿಪ್ ಬೇಗ ಸಿಗುತ್ತದೆ ಎಂದು ಎರಡನೆಯ ವರ್ಷದಲ್ಲಿ ಎಲ್ಲರೂ ಕಂಪ್ಯೂಟರ್ ವಿಷಯಗಳನ್ನು ಮೊದಲು ಹಿಡಿಯುತ್ತಾರೆ. ನಾನು ಉದ್ದದ ಸರಪಳಿಗೆ ಒಂದು ಸೆಮಿಸ್ಟರ್ ಕೂಡ ತಪ್ಪದಂತೆ ಕಾವಲು ಕೂತು, ಗಿಡ್ಡದ್ದನ್ನು ಸಂದಿಗಳಲ್ಲಿ ತೂರಿಸಿದೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಇಂಟರ್ನ್‌ಷಿಪ್ ಸಿಗಲಿಲ್ಲ. ಗೆಳೆಯರು ಸಂಬಳ ತಂದರು, ನಾನು ಪ್ರಯೋಗಾಲಯದಲ್ಲಿ ಪುಡಿಗಾಸಿಗೆ ಸಹಾಯಕನಾಗಿದ್ದೆ. ಆ ಬೇಸಿಗೆಯ ನಷ್ಟ ಸುಮಾರು ಅರ್ಧ ಸೆಮಿಸ್ಟರ್‌ನ ಶುಲ್ಕದಷ್ಟು. ಮೂರನೆಯ ವರ್ಷದ ಬೇಸಿಗೆಯಲ್ಲಿ ಅದು ಬಡ್ಡಿ ಸಮೇತ ವಾಪಸಾಯಿತು, ಏಕೆಂದರೆ ಕೋಡ್ ಬರೆಯುವುದರ ಜೊತೆಗೆ ಬೋರ್ಡಿನ ಮೇಲೆ ಪ್ರೋಬ್ ಇಟ್ಟು ದೋಷ ಹುಡುಕಬಲ್ಲ ಅರ್ಜಿದಾರರು ಅಲ್ಲಿ ತೀರ ಕಡಿಮೆ ಇದ್ದರು.

ಯೋಜನೆಗೆ ದೊಡ್ಡ ಪೆಟ್ಟು ಕೊಟ್ಟದ್ದು ವೇಳಾಪಟ್ಟಿ. ವಿದ್ಯುತ್ಕಾಂತೀಯ ಕ್ಷೇತ್ರಗಳ ತರಗತಿ ಮತ್ತು ಡಿಸ್ಕ್ರೀಟ್ ಗಣಿತದ ತರಗತಿ ಒಂದೇ ಗಂಟೆಗೆ ಬಿದ್ದವು, ಎರಡೂ ವರ್ಷಕ್ಕೊಮ್ಮೆ ಮಾತ್ರ ನಡೆಯುವಂಥವು. ಎರಡು ವಿಭಾಗಗಳು ವೇಳಾಪಟ್ಟಿ ಮಾಡುವಾಗ ಪರಸ್ಪರ ಮಾತಾಡುವುದಿಲ್ಲ. ಡಿಸ್ಕ್ರೀಟ್ ಗಣಿತವನ್ನು ಸ್ವಂತವಾಗಿ ಓದಿ, ಆ ವಿಷಯದ ಪರೀಕ್ಷೆ ಬರೆದು ತರಗತಿಯಿಂದ ವಿನಾಯಿತಿ ಪಡೆದೆ. ಆ ವಿನಾಯಿತಿಗೆ ಯಾರನ್ನು ಯಾವಾಗ ಕೇಳಬೇಕು, ಪತ್ರದ ಜೊತೆ ಏನನ್ನು ಲಗತ್ತಿಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಷ್ಟಪಟ್ಟು ಕಂಡುಕೊಂಡದ್ದು, ನನ್ನ ಕಿರಿಯರಿಗಷ್ಟೇ ಹೇಳಿದ್ದೇನೆ.

ಇವೆರಡೂ ಬೇರೆ ಬೇರೆ ವಿದ್ಯೆಗಳು ಎನ್ನುವವರಿಗೆ ನಾನು ಕೊಡುತ್ತಿದ್ದ ಉತ್ತರ ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್. 1936ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ ಎರಡರಲ್ಲೂ ಪದವಿ ಪಡೆದವರು ಅವರು. ಮರುವರ್ಷ ಎಂಐಟಿಯಲ್ಲಿ ಬರೆದ ಸ್ನಾತಕೋತ್ತರ ಪ್ರಬಂಧದಲ್ಲಿ ರಿಲೇ ಸರ್ಕ್ಯೂಟ್‌ಗಳನ್ನು ಹೌದು-ಇಲ್ಲಗಳ ಲೆಕ್ಕವಾದ ಬೂಲಿಯನ್ ಬೀಜಗಣಿತದಿಂದ ಬಿಡಿಸಿ ತೋರಿಸಿದರು. ಅದೇ ಎಂಐಟಿ 1975ರಲ್ಲಿ ತನ್ನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದ ಹೆಸರಿಗೇ ಕಂಪ್ಯೂಟರ್ ವಿಜ್ಞಾನವನ್ನು ಸೇರಿಸಿಕೊಂಡಿತು.

ಕೊನೆಯ ವರ್ಷದ ಇದೇ ಪ್ರಾಜೆಕ್ಟ್‌ನಲ್ಲಿ ನನಗಿಂತ ಮೊದಲು ಎರಡು ತಂಡಗಳು ಸೋತಿದ್ದವು. ಅವರ ದಾಖಲೆಗಳನ್ನು ಓದಿದಾಗ ನನ್ನ ದಾರಿ ಸರಿ ಎಂದು ಗಟ್ಟಿಯಾಯಿತು. ಮೊದಲನೆಯದು ಕಂಪ್ಯೂಟರ್ ವಿಜ್ಞಾನದವರ ತಂಡ. ಕರೆಂಟ್ ಅಳತೆಯಲ್ಲಿ ಗದ್ದಲ ಕಂಡು ಹದಿನಾರು ಮಾದರಿಗಳ ಸರಾಸರಿ ತೆಗೆದರು. 20 ಕಿಲೋಹರ್ಟ್ಸ್ ಮಾದರಿ ದರದಲ್ಲಿ ಆ ಸರಾಸರಿ ಸುಮಾರು 375 ಮೈಕ್ರೋಸೆಕೆಂಡ್ ತಡ ಮಾಡುತ್ತದೆ, ಅಂದರೆ 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 135 ಡಿಗ್ರಿ ಹಿಂದೆ. ಕರೆಂಟ್ ಅಳೆದು ಮತ್ತೆ ಮತ್ತೆ ತಿದ್ದುವ ಲೂಪ್ ಕಿರುಚದೆ ಇನ್ನೇನು ಮಾಡೀತು? ಗದ್ದಲವನ್ನು ಸೋಸುವ ಅಗತ್ಯವೇ ಇರಲಿಲ್ಲ, ಸ್ವಿಚ್‌ಗಳನ್ನು ಹೊತ್ತಿಸಿ ಆರಿಸಿ ಮೋಟಾರಿಗೆ ವಿದ್ಯುತ್ ಅಳೆದು ಕೊಡುವ ಪಿಡಬ್ಲ್ಯುಎಂ ಆವರ್ತದ ನಟ್ಟನಡುವೆ, ಸ್ವಿಚ್‌ಗಳು ಅಲುಗಾಡದ ಕ್ಷಣದಲ್ಲಿ, ಅಳತೆಯನ್ನು ಅಂಕಿಗಳಾಗಿಸುವ ಎಡಿಸಿಯನ್ನು ಪ್ರಚೋದಿಸಿದ್ದರೆ ಸಾಕಿತ್ತು. ಎರಡನೆಯದು ಎಲೆಕ್ಟ್ರಿಕಲ್‌ನವರ ತಂಡ. ಅಳತೆ ಅಚ್ಚುಕಟ್ಟು, ಆದರೆ 168 ಮೆಗಾಹರ್ಟ್ಸ್‌ನ ಪ್ರೊಸೆಸರ್‌ನಲ್ಲಿ ಲೆಕ್ಕ ಎರಡು ಮಾದರಿಗಳ ನಡುವಿನ 50 ಮೈಕ್ರೋಸೆಕೆಂಡ್‌ನ ಗಡಿ ದಾಟುತ್ತಿತ್ತು. ಆ ಪ್ರೊಸೆಸರ್‌ನಲ್ಲಿ ದಶಮಾಂಶ ಲೆಕ್ಕ ಮಾಡುವ ಫ್ಲೋಟಿಂಗ್ ಪಾಯಿಂಟ್ ಘಟಕ ಸಿಂಗಲ್ ಪ್ರಿಸಿಷನ್‌ನದು (32 ಬಿಟ್), ಅವರು ಕರೆದ ಸೈನ್ ಫಂಕ್ಷನ್ ಡಬಲ್ ಪ್ರಿಸಿಷನ್‌ನದು (64 ಬಿಟ್). ಹಾಗಾಗಿ ಪ್ರತಿಯೊಂದು ಗುಣಾಕಾರವನ್ನೂ ಸಾಫ್ಟ್‌ವೇರ್ ಮಾಡುತ್ತಿತ್ತು. ಫಂಕ್ಷನ್ ಬದಲಿಸಿ, ಮೊದಲೇ ಲೆಕ್ಕ ಹಾಕಿಟ್ಟ ಬೆಲೆಗಳ ಕೋಷ್ಟಕ ಸೇರಿಸಿದಾಗ ನನ್ನ ಲೂಪ್ ಹತ್ತು ಹನ್ನೆರಡು ಮೈಕ್ರೋಸೆಕೆಂಡ್‌ಗೆ ಇಳಿಯಿತು.

ನನ್ನ ಬೋರ್ಡುಗಳೂ ಸುಟ್ಟವು. ಮೋಟಾರಿನ ಕರೆಂಟಿಗೆ ಸ್ವಿಚ್ ಆಗಿರುವ ಮಾಸ್ಫೆಟ್‌ನ ದತ್ತಾಂಶ ಹಾಳೆಯಲ್ಲಿರುವ ಸ್ವಿಚಿಂಗ್ ಕಾಲ ಕೊಠಡಿಯ ತಾಪಮಾನದ್ದು, ಅದನ್ನು ಹೊತ್ತಿಸಿ ಆರಿಸುವ ಗೇಟ್ ಡ್ರೈವರ್‌ನ ವಿಳಂಬ ಬೋರ್ಡಿನಿಂದ ಬೋರ್ಡಿಗೆ ಬೇರೆ. ಒಂದು ಸ್ವಿಚ್ ಆರಿದ ಮೇಲೆ ಅದರ ಜೋಡಿ ಹೊತ್ತುವ ಮೊದಲು ಬಿಡುವ ಡೆಡ್ ಟೈಮ್ ನೂರು ನ್ಯಾನೋಸೆಕೆಂಡ್‌ನ ಆಸುಪಾಸಿನಲ್ಲಿದ್ದಾಗ ಮೇಲಿನ ಮತ್ತು ಕೆಳಗಿನ ಸ್ವಿಚ್‌ಗಳು ಒಟ್ಟಿಗೆ ಆನ್ ಆಗಿ ಆ ಜೋಡಿ ಪೂರ್ತಿ ಸುಟ್ಟುಹೋಯಿತು. ಆರು ನೂರಕ್ಕೆ ಏರಿಸಿದ ಮೇಲೆ ಸುಡುವುದು ನಿಂತಿತು, ಆದರೆ ಕಡಿಮೆ ವೇಗದಲ್ಲಿ ಕರೆಂಟಿನ ಅಲೆ ಸೊಟ್ಟಗಾಯಿತು. ಅದನ್ನು ಸರಿದೂಗಿಸುವ ಕೋಷ್ಟಕವನ್ನು ಹೇಗೆ ತುಂಬಿದೆ ಎಂಬುದು ನನ್ನ ಬಳಿಯೇ ಇರಲಿ. ಪರೀಕ್ಷಕರು ಹೆಚ್ಚು ಪ್ರಶ್ನೆ ಕೇಳಿದ್ದು ಅದರ ಮೇಲೆಯೇ.

ನಡುವೆ ದಾರಿ ಬಿಟ್ಟು ಮಾಡಿದ ಪ್ರಯೋಗಗಳು ಕೆಲವು. ಮೈಕ್ರೋಕಂಟ್ರೋಲರ್‌ನ 3.3 ವೋಲ್ಟ್ ತಂತಿಯಲ್ಲಿ 10 ಓಮ್‌ನ ರೆಸಿಸ್ಟರ್ ಇಟ್ಟು, ಪ್ರೋಗ್ರಾಮ್ ಓಡುವಾಗ ಅದರ ಮೇಲಿನ ವೋಲ್ಟೇಜನ್ನು ಸ್ಕೋಪ್‌ನಲ್ಲಿ ನೋಡಿದೆ. ಸುಮ್ಮನೆ ಲೂಪ್ ಸುತ್ತುತ್ತಾ ಕಾಯುವ ಕೋಡ್ ಇನ್ನೂರು ಮಿಲಿವೋಲ್ಟ್‌ನಷ್ಟು, ಅಂದರೆ 20 ಮಿಲಿಆಂಪ್‌ನಷ್ಟು ಎಳೆಯುತ್ತಿತ್ತು. ಇಂಟರಪ್ಟ್ ಎಂಬ ಎಚ್ಚರಿಸುವ ಸಂಕೇತ ಬರುವವರೆಗೆ ನಿದ್ರಿಸುವ ಕೋಡ್‌ನಲ್ಲಿ ಗೆರೆ ನೆಲಕ್ಕೆ ಬೀಳುತ್ತಿತ್ತು, ಎಚ್ಚರವಾದಾಗಲೆಲ್ಲ ಒಂದೊಂದು ಚಿಕ್ಕ ಗೋಪುರ. ಕೋಡಿನ ಸಾಲುಗಳನ್ನು ಕರೆಂಟಿನಲ್ಲೇ ಓದಿದ ಆ ಸಂಜೆಯ ಖುಷಿ ಈಗಲೂ ನೆನಪಿದೆ. ಇನ್ನೊಂದು ಪ್ರಯೋಗ, ಒಳಗಿನ ಸರ್ಕ್ಯೂಟನ್ನು ನಾವೇ ಬದಲಿಸಬಹುದಾದ ಎಫ್‌ಪಿಜಿಎ ಚಿಪ್ ಮೇಲೆ, ಎಲ್ಲರಿಗೂ ಮುಕ್ತವಾದ ರಿಸ್ಕ್-ಫೈವ್ ಸೂಚನೆಗಳಿಗೆ ಕಟ್ಟಿದ ಪ್ರೊಸೆಸರ್. ಆರ್‌ವಿ32ಐ ಎಂಬ ಮೂಲ ಆವೃತ್ತಿಯಲ್ಲಿ ಸೂಚನೆಗಳು ನಲವತ್ತರ ಆಸುಪಾಸು ಮಾತ್ರ, ಒಬ್ಬನೇ ಕುಳಿತು ಮುಗಿಸಬಹುದು. ಹಲವು ಸೂಚನೆಗಳನ್ನು ಒಟ್ಟಿಗೆ ಹಂತಹಂತವಾಗಿ ಓಡಿಸುವ ಪೈಪ್‌ಲೈನ್‌ಗೆ ಹೋಗುವಷ್ಟು ಸಮಯ ಉಳಿಯಲಿಲ್ಲ. ಆದರೂ ಚಿಪ್ ವಿನ್ಯಾಸದ ಕೆಲಸದ ಸಂದರ್ಶನದಲ್ಲಿ ಮುಕ್ಕಾಲು ಭಾಗ ಇದರ ಮೇಲೆಯೇ ಸಾಗಿತು.

ಖರ್ಚಿನ ಲೆಕ್ಕ ನೆನಪಿನಿಂದ: ಬೋರ್ಡುಗಳು, ಸುಟ್ಟ ಮಾಸ್ಫೆಟ್‌ಗಳು, ಎಫ್‌ಪಿಜಿಎ ಕಿಟ್, ಹಳೆಯ ಮೋಟಾರ್, ಎಲ್ಲ ಸೇರಿ ಒಂದು ಸೆಮಿಸ್ಟರ್ ಶುಲ್ಕದ ಎಂಟರಲ್ಲೊಂದು ಭಾಗ. ಡ್ಯುಯಲ್ ಡಿಗ್ರಿಗೆ ಹೋಗಿದ್ದರೆ ಪೂರ್ತಿ ಎರಡು ಸೆಮಿಸ್ಟರ್‌ಗಳ ಶುಲ್ಕ, ಜೊತೆಗೆ ಒಂದು ವರ್ಷದ ಸಂಬಳ ಹೋಗುತ್ತಿತ್ತು. ಬಿಟ್ಟುಕೊಟ್ಟದ್ದೂ ಇದೆ. ಡೇಟಾಬೇಸ್ ಮತ್ತು ಸಾಫ್ಟ್‌ವೇರ್ ಎಂಜಿನಿಯರಿಂಗ್ ನನ್ನ ಅಂಕಪಟ್ಟಿಯಲ್ಲಿ ಇಲ್ಲ, ಹೈ ವೋಲ್ಟೇಜ್ ಎಂಜಿನಿಯರಿಂಗ್ ಕೂಡ ಇಲ್ಲ. ವೆಬ್ ಸೇವೆಗಳನ್ನು ಕಟ್ಟುವ ಕಂಪನಿಗಳು ನನ್ನ ಅರ್ಜಿಗೆ ಉತ್ತರಿಸಲೇ ಇಲ್ಲ. ಅಲ್ಗಾರಿದಮ್‌ಗಳಲ್ಲೇ ಮುಳುಗಬೇಕೆನ್ನುವವರಿಗೆ ಈ ದಾರಿಯನ್ನು ನಾನು ಹೇಳುವುದಿಲ್ಲ, ಅವರು ಕಂಪ್ಯೂಟರ್ ವಿಜ್ಞಾನಕ್ಕೇ ಹೋಗಲಿ.

ಪ್ರಯತ್ನಿಸುವವರು ಎರಡನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಎರಡೂ ವಿಭಾಗಗಳ ಕಳೆದ ಮೂರು ವರ್ಷಗಳ ವೇಳಾಪಟ್ಟಿಗಳನ್ನು ತರಿಸಿಕೊಳ್ಳಿ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ವಿಷಯಗಳಿಗೆ ಕೆಂಪು ಗುರುತು ಹಾಕಿ. ಆ ಕೆಂಪು ಗುರುತುಗಳಲ್ಲಿ ಯಾವುದಾದರೂ ಆರು ಕೊಂಡಿಗಳ ಸರಪಳಿಯ ಮೇಲೆ ಬಿದ್ದರೆ, ಮೊದಲು ಅದಕ್ಕೆ ಜಾಗ ಮಾಡಿ. ಪ್ರೋಗ್ರಾಮಿಂಗ್ ಅನ್ನು ಆಮೇಲೆ ನೋಡಿಕೊಳ್ಳಬಹುದು.